ಘಾನಾಕ್ಕೆ ಹೊರಟವರು ಬಲಗೈ ಖಾಲಿ ಇಟ್ಟುಕೊಳ್ಳಿ

ಜನವರಿ ಮುಗಿಯುತ್ತಾ ಬಂತೆಂದರೆ ನನಗೆ ಫೋನ್ ಜಾಸ್ತಿ. "ನೀವು ಘಾನಾಕ್ಕೆ ಹೋಗುವವರಲ್ವಾ, ನಮ್ಮ ಭಾವನ ಮಗ ಹೊರಟಿದ್ದಾನೆ, ಏನೆಲ್ಲ ಕಟ್ಟಿಕೊಡಬೇಕು?" ನಾನು ಮಂಗಳೂರು ಕಡೆಯ ಒಂದು ಗೇರುಬೀಜ ಕಾರ್ಖಾನೆಗೆ ಕಚ್ಚಾ ಬೀಜ ಕೊಳ್ಳುವ ಕೆಲಸದವನು. ನಮ್ಮ ಊರಿನ ಬೀಜ ನಮ್ಮ ಕಾರ್ಖಾನೆಗಳಿಗೆ ಸಾಲುವುದಿಲ್ಲ. ಬಾಕಿ ಬರುವುದು ಹೆಚ್ಚಾಗಿ ಆಫ್ರಿಕಾದಿಂದ. ಹಾಗಾಗಿ ಏಳು ಸೀಸನ್ ಪಶ್ಚಿಮ ಆಫ್ರಿಕಾದ ಘಾನಾದಲ್ಲಿ ಟೆಚಿಮಾನ್, ವೆಂಚಿ, ಸಂಪಾ ಅಂತ ಊರೂರು ತಿರುಗಿದ್ದೇನೆ. ಫೋನಲ್ಲಿ ಹೇಳಿ ಹೇಳಿ ಸಾಕಾಗಿ ಇವತ್ತು ಬರೆದೇ ಬಿಡುತ್ತಿದ್ದೇನೆ.

ಮೊದಲು ಇಂಜೆಕ್ಷನ್. ಹಳದಿ ಜ್ವರದ ಲಸಿಕೆ ಎಲ್ಲ ಆಸ್ಪತ್ರೆಯಲ್ಲಿ ಸಿಗುವುದಿಲ್ಲ, ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ. ಲಸಿಕೆ ಹಾಕಿದ್ದಕ್ಕೆ ಸೀಲು ಹೊಡೆದು ಒಂದು ಹಳದಿ ಪುಸ್ತಕ ಕೊಡುತ್ತಾರೆ, ಹಾಕಿಸಿಕೊಂಡ ಹತ್ತು ದಿನದ ಮೇಲಷ್ಟೇ ಅದಕ್ಕೆ ಬೆಲೆ. ನಾಳೆ ವಿಮಾನ ಅಂತ ಇವತ್ತು ಓಡಿದರೆ ಪ್ರಯೋಜನ ಇಲ್ಲ. ಒಂದು ಸಲ ಹಾಕಿಸಿದರೆ ಜೀವಮಾನಕ್ಕೆ ಸಾಕು, 2016ರಿಂದ ಹಾಗೆ ನಿಯಮ.

ಎರಡನೆಯದು ಮಲೇರಿಯಾ. ಇಲ್ಲಿ ನನ್ನ ಪೆದ್ದುತನ ಹೇಳಲೇಬೇಕು. ಮಂಗಳೂರಿನವರಿಗೆ ಮಲೇರಿಯಾ ಅಂದರೆ ನೆಂಟರ ಹಾಗೆ, ಮಳೆಗಾಲದಲ್ಲಿ ಬಂದು ಹೋಗುತ್ತದೆ. ಆ ಧೈರ್ಯದಲ್ಲಿ ಡಾಕ್ಟರ್ ಕೊಟ್ಟ ಮಾತ್ರೆಯನ್ನು ಘಾನಾದಲ್ಲಿ ನುಂಗಿದೆ, ಊರಿಗೆ ಬಂದ ದಿನವೇ ನಿಲ್ಲಿಸಿದೆ. ಬಂದ ಮೇಲೂ ನುಂಗಬೇಕು ಮಾರಾಯ್ರೆ. ಯಾವ ಮಾತ್ರೆ ಎಂಬುದರ ಮೇಲೆ ಒಂದು ವಾರವೋ ನಾಲ್ಕು ವಾರವೋ. ಹತ್ತನೇ ದಿನಕ್ಕೆ ಚಳಿಜ್ವರ. ಹತ್ತಿರದ ಕ್ಲಿನಿಕ್ಕಿನಲ್ಲಿ ಡೆಂಗಿ ಇರಬಹುದು ಅಂತ ಎರಡು ದಿನ ಕಳೆಯಿತು. ತಪ್ಪು ನನ್ನದೇ, ಆಫ್ರಿಕಾದಿಂದ ಬಂದವನು ಅಂತ ಬಾಯಿ ಬಿಟ್ಟಿರಲಿಲ್ಲ. ರಕ್ತ ನೋಡಿದಾಗ ಫಾಲ್ಸಿಪಾರಂ ಎಂಬ ಬಗೆಯ ಮಲೇರಿಯಾ. ನಮ್ಮಲ್ಲಿ ಹೆಚ್ಚು ಕಾಣುವುದು ವೈವಾಕ್ಸ್ ಎಂಬ ಬಗೆ. ಅಲ್ಲಿ ಜಾಸ್ತಿ ಇರುವುದು ಈ ಫಾಲ್ಸಿಪಾರಂ, ಇದು ಬೇಗ ಮೈಮೇಲೆ ಏರುತ್ತದೆ, ಜೀವಕ್ಕೂ ಕುತ್ತು. ಬಂದ ಮೇಲೆ ಜ್ವರ ಬಂದರೆ ಡಾಕ್ಟರ ಮುಂದೆ ಕೂತ ಕೂಡಲೇ "ನಾನು ಘಾನಾದಿಂದ ಬಂದಿದ್ದೇನೆ" ಅನ್ನಿ. ಹೆಸರು, ವಯಸ್ಸು ಆಮೇಲೆ ಹೇಳಬಹುದು.

ಇನ್ನು ಬಲಗೈ ವಿಷಯ. ಬೀಜ ಕೊಳ್ಳುವ ಮೊದಲು ನಾವು ಒಂದು ಕಿಲೋ ತೂಗಿ, ಎಷ್ಟು ಬೀಜ ಅಂತ ಎಣಿಸಿ, ಒಂದೊಂದನ್ನೂ ಕತ್ತರಿಸಿ ಒಳಗಿನ ತಿರುಳು ನೋಡುತ್ತೇವೆ. ಸಿಪ್ಪೆಯಿಂದ ಎಣ್ಣೆ ಸಿಡಿಯುತ್ತದೆ, ತಾಗಿದಲ್ಲಿ ಚರ್ಮ ಸುಡುತ್ತದೆ. ಮೊದಲ ವರ್ಷ ವೆಂಚಿ ಹತ್ತಿರದ ಒಂದು ಹಳ್ಳಿಯಲ್ಲಿ ಹೀಗೇ ಪರೀಕ್ಷೆ ಮುಗಿಸಿದೆ. ಬಲಗೈ ಗ್ಲೌಸೆಲ್ಲ ಕಪ್ಪು ಜಿಗುಟು. ಕೊಳಕು ಕೈಯಲ್ಲಿ ಯಾಕೆ ಕೊಡುವುದು ಅಂತ ಒಬ್ಬಳು ಅಜ್ಜಿಗೆ ಎಡಗೈಯಲ್ಲಿ ನೋಟು ಚಾಚಿದೆ. ಅಜ್ಜಿ ನೋಟು ನೋಡಲಿಲ್ಲ, ನನ್ನ ಮುಖ ನೋಡಿದಳು. ಅವಳ ಎರಡೂ ಕೈ ಮಡಿಲಲ್ಲೇ ಇತ್ತು. ಸುತ್ತ ಮಾತಾಡುತ್ತಿದ್ದವರೆಲ್ಲ ಸುಮ್ಮನಾದರು. ನಮ್ಮ ಜೊತೆಗಿದ್ದ ಹುಡುಗ ಅಲ್ಲಿನ ಟ್ವಿ ಭಾಷೆಯಲ್ಲಿ ಏನೋ ಗಡಿಬಿಡಿಯಲ್ಲಿ ಹೇಳಿ, ನನ್ನ ಕೈಯಿಂದ ದುಡ್ಡು ಕಿತ್ತುಕೊಂಡು ತಾನೇ ಬಲಗೈಯಲ್ಲಿ ಕೊಟ್ಟ. ನಮ್ಮ ಮನೆಯಲ್ಲೂ ಎಡಗೈಯಲ್ಲಿ ಕೊಟ್ಟರೆ ಅಜ್ಜಿ ಬೈಯುತ್ತಿದ್ದಳು. ಗೊತ್ತಿದ್ದೂ ಮರೆತವನು ನಾನು. ಕೊಡುವುದು, ತೆಗೆದುಕೊಳ್ಳುವುದು, ಕೈ ಬೀಸುವುದು, ದಾರಿ ತೋರಿಸುವುದು, ಎಲ್ಲ ಬಲಗೈ. ಬೇರೆ ದಾರಿಯೇ ಇಲ್ಲದಿದ್ದರೆ "ಸಾರಿ ಫಾರ್ ಲೆಫ್ಟ್" ಅನ್ನಿ, ಅಲ್ಲಿನವರೂ ಹಾಗೇ ಅನ್ನುತ್ತಾರೆ.

ಕೈಗಿಂತ ಮೊದಲು ಬಾಯಿ. ಅಂಗಡಿಗೆ ನುಗ್ಗಿ "ಇದು ಎಷ್ಟು" ಅಂದರೆ ಉತ್ತರ ತಣ್ಣಗಿರುತ್ತದೆ. ಬೆಳಿಗ್ಗೆ "ಮಾಚಿ", ಮಧ್ಯಾಹ್ನ "ಮಾಹಾ", ಸಂಜೆ "ಮಾಜೊ", ಕೊನೆಗೆ "ಮೆದಾಸೆ" ಅಂದರೆ ಧನ್ಯವಾದ. ಈ ನಾಲ್ಕು ಸಾಕು, ಮುಖ ಅರಳುತ್ತದೆ. ಸಾಲಾಗಿ ಕೂತ ಹಿರಿಯರಿಗೆ ಕೈ ಕುಲುಕುವುದಿದ್ದರೆ ಬಲಬದಿಯಿಂದ ಶುರು ಮಾಡಿ. ಮನೆಗೆ ಹೋದರೆ ಮೊದಲು ನೀರು ಕೊಡುತ್ತಾರೆ, ಆಮೇಲಷ್ಟೇ ಬಂದ ವಿಷಯ ಕೇಳುತ್ತಾರೆ. ನಮ್ಮ ಕಡೆ ಬೆಲ್ಲ ನೀರು ಕೊಟ್ಟ ಹಾಗೆಯೇ. ಹುಟ್ಟಿದ ವಾರವನ್ನೂ ಕೇಳಿ ಇಟ್ಟುಕೊಳ್ಳಿ. ಅಲ್ಲಿ ವಾರಕ್ಕೊಂದು ಹೆಸರು, ಶುಕ್ರವಾರದ ಗಂಡು ಕೋಫಿ, ಹೆಣ್ಣು ಆಫುವಾ. ನನಗೆ ಗೊತ್ತಿರಲಿಲ್ಲ, ಸಂತೆಯಿಂದಲೇ ಅಮ್ಮನಿಗೆ ಫೋನ್ ಮಾಡಿದೆ. "ಗುರುವಾರ, ಸಂಜೆ ಜೋರು ಮಳೆ" ಅಂದಳು. ಅಂದಿನಿಂದ ನಾನು ಅಲ್ಲಿ ಯಾವ್. ನನ್ನ ನಿಜವಾದ ಹೆಸರು ಅಲ್ಲಿ ಯಾರಿಗೂ ಬೇಕಾಗಿಲ್ಲ.

ಇಂಗ್ಲಿಷ್ ಎಲ್ಲ ಕಡೆ ನಡೆಯುತ್ತದೆ. ಆದರೆ ಎದುರಿಗಿದ್ದವನು "ಐ ಆಮ್ ಕಮಿಂಗ್" ಅಂತ ಹೇಳಿ ಬೆನ್ನು ತೋರಿಸಿ ಹೋದರೆ ಗಾಬರಿ ಬೇಡ. ನಾವು ಹೊರಡುವಾಗ "ಬರ್ತೇನೆ" ಅನ್ನುವುದಿಲ್ವಾ, ಅದೇ ಲೆಕ್ಕ. ಊಟ ಮಾಡುತ್ತಿರುವವರು "ಯು ಆರ್ ಇನ್ವೈಟೆಡ್" ಅಂದರೆ ಮೆದಾಸೆ ಹೇಳಿ ಮುಂದೆ ಹೋಗುವುದು ವಾಡಿಕೆ. ನಾನು ಒಮ್ಮೆ ಕೂತೇ ಬಿಟ್ಟಿದ್ದೆ. ಸಂತೆಯಲ್ಲಿ ಕೊಂಡ ಮೇಲೆ "ಡ್ಯಾಶ್" ಕೇಳಿ, ನಾಲ್ಕು ಟೊಮೆಟೊ ಜಾಸ್ತಿ ಹಾಕುತ್ತಾರೆ. ನಮ್ಮ ಕೊಸರು.

ಊಟದ ಬಗ್ಗೆ ಹೆದರಿಸುವವರೇ ಜಾಸ್ತಿ. ನನ್ನ ಬೆಳಗಿನ ತಿಂಡಿ ವಾಚೆ: ಅಕ್ಕಿ, ಅಲಸಂಡೆ ಜಾತಿಯ ಕಾಳು, ಜೋಳದ ಸೋಗೆ ಹಾಕಿ ಬೇಯಿಸಿದ್ದು, ಬಣ್ಣ ಕೆಂಪು ಕಂದು, ಎಲೆಯಲ್ಲಿ ಕಟ್ಟಿಕೊಡುತ್ತಾರೆ. ಮೇಲೆ ಒಂದು ಚಮಚ ಶಿಟೊ. ಒಣಮೀನು ಹುರಿದ ಆ ಕಪ್ಪು ಖಾರದ ವಾಸನೆಗೆ ನನಗೆ ಊರಿನ ಗಂಜಿ ನೆನಪಾಗುತ್ತದೆ. ಜೊತೆಗೆ ಬಂದ ಸಸ್ಯಾಹಾರಿ ಗೆಳೆಯನಿಗೆ ಮಾತ್ರ ಅದೇ ಕಷ್ಟ. "ನೋ ಮೀಟ್" ಅಂದರೆ ಅಲ್ಲಿ ಮೀನು ಲೆಕ್ಕಕ್ಕಿಲ್ಲ. "ನೋ ಮೀಟ್, ನೋ ಫಿಶ್, ನೋ ಶಿಟೊ" ಅಂತ ಮೂರೂ ಹೇಳಬೇಕು. ಅವನನ್ನು ಬದುಕಿಸಿದ್ದು ರೆಡ್ ರೆಡ್, ಅಂದರೆ ತಾಳೆ ಎಣ್ಣೆಯಲ್ಲಿ ಅಲಸಂಡೆ ಪಲ್ಯ ಮತ್ತು ಕರಿದ ಬಾಳೆ. ಇದಕ್ಕೂ ಕೆಲವರು ಮೀನಿನ ಪುಡಿ ಹಾಕುತ್ತಾರೆ, ಕೇಳಿಯೇ ತಿನ್ನಿ. ಅಲಸಂಡೆ ಆಫ್ರಿಕಾದಿಂದಲೇ ನಮಗೆ ಬಂದದ್ದು. ಮಧ್ಯ ಘಾನಾದ ಅಗೆತದಲ್ಲಿ 3,500 ವರ್ಷಕ್ಕೂ ಹಳೆಯ ಕಾಳು ಸಿಕ್ಕಿದೆ. ಸಂಜೆಗೆ ಕೆಲೆವೆಲೆ, ಶುಂಠಿ ಮೆಣಸು ಸವರಿ ಕರಿದ ಬಾಳೆ. ಕೆಂಕೆ ನೋಡಲು ನಮ್ಮ ಮೂಡೆಯ ಅಣ್ಣ, ಮೆಕ್ಕೆಜೋಳದ ಹುಳಿ ಹಿಟ್ಟು. ನನಗೆ ಮಾತ್ರ ಹಿಡಿಸಲಿಲ್ಲ.

ದುಡ್ಡು ಅಲ್ಲಿ ಸೀಡಿ. 50, 100ರ ಡಾಲರ್ ನೋಟು ಒಯ್ಯಿರಿ, ಮಡಚಿದ ಗುರುತಿಲ್ಲದ ಹೊಸ ನೋಟು. ಸಣ್ಣ ನೋಟಿಗೆ ರೇಟು ಕಡಿಮೆ. ಸಣ್ಣ ಅಂಗಡಿಯಲ್ಲೂ ಮೊಬೈಲ್ ಮನಿ ನಡೆಯುತ್ತದೆ, ನಮ್ಮ ಯುಪಿಐ ಹಾಗೆ. ಪಾಸ್‌ಪೋರ್ಟ್ ತೋರಿಸಿ ಸಿಮ್ ತೆಗೆದುಕೊಳ್ಳಿ.

ಓಡಾಟಕ್ಕೆ ಟ್ರೋಟ್ರೋ, ಅಂದರೆ ಹಳೇ ವ್ಯಾನು. ಕಂಡಕ್ಟರನಿಗೆ ಮೇಟ್ ಅಂತಾರೆ. ರಾಜಧಾನಿ ಆಕ್ರಾದಲ್ಲಿ ಅವನು "ಸರ್ಕ್ ಸರ್ಕ್ ಸರ್ಕ್" ಅಂತ ಕೂಗುವುದು ಸರ್ಕಲ್ ಎಂಬ ಜಾಗಕ್ಕೆ. ಮಂಗಳೂರಿನ ಸಿಟಿ ಬಸ್ಸಿನ "ಸ್ಟೇಟ್‌ಬ್ಯಾಂಕ್ ಸ್ಟೇಟ್‌ಬ್ಯಾಂಕ್" ಕೇಳಿದವರಿಗೆ ಇದು ಹೊಸದಲ್ಲ. ಚಿಲ್ಲರೆ ಕೈಯಲ್ಲಿರಲಿ. ವ್ಯಾನು ತುಂಬದೆ ಹೊರಡುವುದಿಲ್ಲ. ಆಕ್ರಾದಿಂದ ಕುಮಾಸಿ ಸುಮಾರು 250 ಕಿಲೋಮೀಟರ್, ಆದರೆ ಒಂದು ದಿನ ಹೋಯಿತು ಅಂತಲೇ ಎಣಿಸಿ. ಶನಿವಾರ ಬೇಡ, ಅಂದು ಊರೂರಲ್ಲಿ ಸಾವಿನ ಕಾರ್ಯ. ಕೆಂಪು ಕಪ್ಪು ಬಟ್ಟೆಯವರಿಂದ ರಸ್ತೆ ತುಂಬಿರುತ್ತದೆ. ರಾತ್ರಿ ಪ್ರಯಾಣವೂ ಬೇಡ.

ಒಂದು ದಿನ ಬಿಡುವಿದ್ದರೆ ಎಲ್ಮಿನಾ ಕೋಟೆಗೆ ಹೋಗುವವರು ಹೋಗಲಿ, ಹೋಗಬೇಕಾದ್ದೇ. 1482ರಲ್ಲಿ ಪೋರ್ಚುಗೀಸರು ಕಟ್ಟಿದ್ದು. ಮುಂದೆ ಗುಲಾಮರನ್ನು ಕೂಡಿಟ್ಟ ನೆಲಮಾಳಿಗೆ ಅಲ್ಲಿದೆ. ಬ್ರೆಜಿಲ್‌ನಿಂದ ನಮ್ಮ ಕರಾವಳಿಗೆ ಗೇರು ತಂದವರೂ ಅದೇ ಪೋರ್ಚುಗೀಸರು. ಆ ಕತ್ತಲೆಯಲ್ಲಿ ನಿಂತಾಗ ಅದು ನೆನಪಾಗಿ ಒಂಥರಾ ಆಯಿತು. ಟೆಚಿಮಾನ್ ಕಡೆ ಇರುವವರು ಬೊವಾಬೆಂಗ್-ಫಿಯೆಮಾ ಬಿಡಬೇಡಿ. ಅಲ್ಲಿ ಮಂಗಗಳನ್ನು ಯಾರೂ ಕೊಲ್ಲುವುದಿಲ್ಲ, ಸತ್ತರೆ ಮನುಷ್ಯರ ಹಾಗೆ ಹೂಳುತ್ತಾರೆ. ಸಣ್ಣ ಸಣ್ಣ ಸಮಾಧಿಗಳಿವೆ. ಬಾಳೆಹಣ್ಣು ಹಿಡಿದರೆ ಕೈಯಿಂದಲೇ ಕಿತ್ತುಕೊಳ್ಳುತ್ತವೆ. ಅವಕ್ಕೆ ಎಡಗೈ ಆದರೂ ನಡೆಯುತ್ತದೆ.

ಹಾಂ, ಆ ಹಳದಿ ಪುಸ್ತಕ. ವಾಪಸ್ ಬರುವಾಗ ಅದು ಜೇಬಿನಲ್ಲಿರಲಿ. ಇಲ್ಲದೆ ಇಳಿದರೆ ನಮ್ಮದೇ ದೇಶದಲ್ಲಿ ಆರು ದಿನದವರೆಗೆ ಕ್ವಾರಂಟೈನ್ ಮಾಡಬಹುದು. ಸಸ್ಯಾಹಾರಿ ಗೆಳೆಯ ತನ್ನದನ್ನು ಸೂಟ್‌ಕೇಸಿನೊಳಗೆ, ಖಾಲಿ ಉಪ್ಪಿನಕಾಯಿ ಬಾಟಲಿಯ ಪಕ್ಕದಲ್ಲಿ ಇಟ್ಟಿದ್ದ. ಸೂಟ್‌ಕೇಸು ಬೆಲ್ಟಿನ ಮೇಲೆ, ಇವನು ಆರೋಗ್ಯ ಕೌಂಟರಿನ ಮುಂದೆ. ಮುಕ್ಕಾಲು ಗಂಟೆ ಬೆವರಿದ ಮೇಲೆ ಒಬ್ಬ ಸಿಬ್ಬಂದಿ ಕರುಣೆಯಿಂದ ಅವನನ್ನು ಬೆಲ್ಟಿನ ಹತ್ತಿರ ಕರೆದುಕೊಂಡು ಹೋದರು. ಪುಸ್ತಕ ಸಿಕ್ಕಿತು. ಎಣ್ಣೆ ಸೋರಿತ್ತು, ಸೀಲು ಮಾತ್ರ ಹೇಗೋ ಓದಲು ಬರುತ್ತಿತ್ತು.