ಒಂದೇ ನಂಬರ್‌ನಲ್ಲಿ ಎರಡು ‘ಸಿ’

ನಾನು ಅಮೆರಿಕದ ಒಹಾಯೋದಲ್ಲಿ ಹಳೇ ಗೇರ್‌ಬಾಕ್ಸ್‌ಗಳನ್ನು ಬಿಚ್ಚಿ ಕಟ್ಟುವ ವರ್ಕ್‌ಶಾಪ್‌ನಲ್ಲಿ ಕೆಲಸ ಮಾಡುತ್ತೇನೆ. ನಮ್ಮಲ್ಲಿಗೆ ಜಾಸ್ತಿ ಬರುವುದು ಮನ್ಸಿ ಫೋರ್ ಸ್ಪೀಡ್. ಇಂಡಿಯಾನಾದ ಮನ್ಸಿ ಊರಿನಲ್ಲಿ ಜನರಲ್ ಮೋಟಾರ್ಸ್ 1963ರಿಂದ 1974ರವರೆಗೆ ಮಾಡಿದ ಅಲ್ಯೂಮಿನಿಯಂ ಗೇರ್‌ಬಾಕ್ಸ್ ಇದು. ಕಾರ್ವೆಟ್, ಕಮಾರೊ, ಷೆವೆಲ್ ಕಾರುಗಳಿಗೆಲ್ಲ ಹೋಗಿದೆ. ಇದರಲ್ಲಿ ಮೂರು ಬಗೆ: ಎಂ20, ಎಂ21, ಎಂ22. ಹೊರಗಿನಿಂದ ನೋಡಿದರೆ ಅಣ್ಣತಮ್ಮಂದಿರ ಹಾಗೆ. ಬೆಲೆಯಲ್ಲಿ ಮಾತ್ರ ಭಾರೀ ವ್ಯತ್ಯಾಸ. 1967ರ ಕಾರ್ವೆಟ್‌ಗಳಲ್ಲಿ ಎಂ22 ಇದ್ದದ್ದು ಬರೀ 20ರಲ್ಲಿ. ಹಾಗಾಗಿ ನಂಬರ್ ಓದುವುದೂ ನನ್ನ ಕೆಲಸದ ದೊಡ್ಡ ಪಾಲು.

ನಂಬರ್‌ಗೂ ಮೊದಲು, ಬಾಕ್ಸ್ ಮನ್ಸಿನಾ ಅಂತ ನೋಡಬೇಕು. ಸೈಡ್ ಕವರ್‌ಗೆ ಏಳು ಬೋಲ್ಟ್ ಇದ್ದು, ರಿವರ್ಸ್ ಲಿವರ್ ಹಿಂದಿನ ಟೇಲ್ ಹೌಸಿಂಗ್‌ನಲ್ಲಿದ್ದರೆ ಮನ್ಸಿ. ಒಂಬತ್ತು ಬೋಲ್ಟ್ ಇದ್ದರೆ ಅದು ಬೇರೆ ಗೇರ್‌ಬಾಕ್ಸ್, ಬೋರ್ಗ್ ವಾರ್ನರ್ ಕಂಪನಿಯ ಟಿ10. ಮೂರು ಲಿವರ್‌ಗಳೂ ಸೈಡ್ ಕವರ್ ಮೇಲೇ ಇದ್ದರೆ ಸ್ಯಾಗಿನಾ ಅನ್ನುವ ಇನ್ನೊಂದು ಗೇರ್‌ಬಾಕ್ಸ್.

ಆಮೇಲೆ ನಂಬರ್. ಕೇಸ್‌ನ ಬಲಗಡೆ, ಟೇಲ್ ಹೌಸಿಂಗ್ ಕೂರುವ ಅಂಚಿನಲ್ಲಿ ಪಂಚ್ ಮಾಡಿರುತ್ತಾರೆ. ಉದಾಹರಣೆಗೆ ಪಿ9ಟಿ05ಬಿ. ಪಿ ಅಂದರೆ ಮನ್ಸಿ ಕಾರ್ಖಾನೆ. 9 ಅಂದರೆ 1969ರ ಮಾಡೆಲ್. ಟಿ ತಿಂಗಳು, 05 ತಾರೀಕು. ಕೊನೆಯ ಅಕ್ಷರ ಗೇರ್ ಸೆಟ್‌ನದು: ಎ ಇದ್ದರೆ ಎಂ20, ಬಿ ಇದ್ದರೆ ಎಂ21, ಸಿ ಇದ್ದರೆ ಎಂ22. ಈ ಕೊನೆಯ ಅಕ್ಷರ ಎಲ್ಲ ವರ್ಷಗಳಲ್ಲೂ ಸಿಗುವುದಿಲ್ಲ. ಅದನ್ನು ಹಾಕುವ ರೂಢಿ ಬಂದದ್ದು 1969ರ ಮಾಡೆಲ್ ಹೊತ್ತಿಗೆ.

ತಿಂಗಳ ಅಕ್ಷರಗಳಲ್ಲಿ ತುಂಬಾ ಜನ ಎಡವುತ್ತಾರೆ. ಜನವರಿಯಿಂದ ಮೇವರೆಗೆ ಎ, ಬಿ, ಸಿ, ಡಿ, ಇ ಅಂತ ನೆಟ್ಟಗೆ ಹೋಗುತ್ತದೆ. ಅಲ್ಲಿಂದ ಜಿಗಿತ. ಜೂನ್ ಎಚ್, ಜುಲೈ ಕೆ, ಆಗಸ್ಟ್ ಎಂ, ಸೆಪ್ಟೆಂಬರ್ ಪಿ, ಅಕ್ಟೋಬರ್ ಆರ್, ನವೆಂಬರ್ ಎಸ್, ಡಿಸೆಂಬರ್ ಟಿ. ತಿಂಗಳ ಜಾಗದಲ್ಲಿ ಯಾರಾದರೂ ಜಿ ಅಂತ ಓದಿ ಹೇಳಿದರೆ ಅದು ಸವೆದ ಸಿ ಆಗಿರಬಹುದು, ಇಲ್ಲವೇ ಗೊತ್ತಿಲ್ಲದವರು ಆಮೇಲೆ ಹೊಡೆದದ್ದು. ಜಿ ಅನ್ನುವ ತಿಂಗಳೇ ಇಲ್ಲ.

ಇನ್ನೊಂದು ತೊಡಕು ವರ್ಷದ್ದು. ಆ ಅಂಕಿ ಮಾಡೆಲ್ ವರ್ಷ, ಕ್ಯಾಲೆಂಡರ್ ವರ್ಷ ಅಲ್ಲ. ಮೇಲಿನ ಪಿ9ಟಿ05ಬಿ ತಯಾರಾದದ್ದು 1968ರ ಡಿಸೆಂಬರ್ 5ರಂದು. 1963ರಿಂದ 66ರವರೆಗಿನ ಬಾಕ್ಸ್‌ಗಳಲ್ಲಂತೂ ವರ್ಷವೇ ಇಲ್ಲ, ಪಿ ಆದಮೇಲೆ ತಿಂಗಳು ಮತ್ತು ತಾರೀಕು ಅಷ್ಟೇ. ಅಲ್ಲಿ ಕೇಸ್ ಮೇಲಿನ ಎರಕದ ನಂಬರ್ ಸಹಾಯಕ್ಕೆ ಬರುತ್ತದೆ. 3831704 ಇದ್ದರೆ 1963. 3851325 ಇದ್ದರೆ 1964 ಅಥವಾ 65.

ನಂಬರ್ ಓದುವುದಕ್ಕಿಂತ ಮೊದಲು ಅದನ್ನು ಉಳಿಸಿಕೊಳ್ಳಬೇಕು. ಹೊಸದಾಗಿ ಬಂದ ಹುಡುಗರಿಗೆ ನಾನು ಮೊದಲು ಹೇಳುವುದು ಇದನ್ನೇ. ಅಲ್ಯೂಮಿನಿಯಂ ಮೆತ್ತನೆಯ ಲೋಹ. ವೈರ್ ಬ್ರಷ್ ಹಾಕಿ ತಿಕ್ಕಿದರೆ, ಮರಳು ಚಿಮ್ಮಿಸಿ ಬ್ಲಾಸ್ಟಿಂಗ್ ಮಾಡಿದರೆ, 50 ವರ್ಷ ಉಳಿದ ಅಕ್ಷರ ಐದು ನಿಮಿಷದಲ್ಲಿ ಮಾಸಿಹೋಗುತ್ತದೆ. ಜಿಡ್ಡು ಬಿಡಿಸುವ ದ್ರಾವಣ ಹಚ್ಚಿ, ನೈಲಾನ್ ಬ್ರಷ್‌ನಲ್ಲಿ ಮೆಲ್ಲಗೆ ಉಜ್ಜಬೇಕು. ಬೆಳಕನ್ನು ಪಕ್ಕದಿಂದ, ಓರೆಯಾಗಿ ಬಿಡಬೇಕು. ಆಮೇಲೆ ನಮ್ಮೂರಲ್ಲಿ ಆರ್‌ಟಿಒ ಕೆಲಸಕ್ಕೆ ಚಾಸಿ ನಂಬರ್ ಪ್ರಿಂಟ್ ತೆಗೆಯುತ್ತಾರಲ್ಲ, ಅದೇ ರೀತಿ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜುತ್ತೇನೆ. ಇಲ್ಲಿ ಎಲ್ಲರೂ ಮೊಬೈಲ್‌ನಲ್ಲಿ ಫೋಟೊ ತೆಗೆಯುತ್ತಾರೆ. ಆದರೆ ಪೆನ್ಸಿಲ್ ಪ್ರಿಂಟ್‌ನಲ್ಲಿ ಅಕ್ಷರದ ಅಳತೆ ಇದ್ದ ಹಾಗೇ ಸಿಗುತ್ತದೆ, ಒಂದರ ಪಕ್ಕ ಒಂದಿಟ್ಟು ಹೋಲಿಸಬಹುದು.

ಈ ಪ್ರಿಂಟ್ ಎಷ್ಟು ಬೆಲೆಬಾಳುತ್ತದೆ ಅಂತ ಒಂದು ಬಾಕ್ಸ್‌ನಿಂದ ಗೊತ್ತಾಯಿತು. ಒಬ್ಬ ಗಿರಾಕಿ ತನ್ನ 1969ರ ಕಾರ್ವೆಟ್‌ಗೆ ಹಾಕಲು ಎಂ22 ಅಂತ ಹೇಳಿ ಕೊಂಡಿದ್ದ. ನಂಬರ್ ಪಿ9ಸಿ14ಸಿ. ಅಂದರೆ 1969ರ ಮಾರ್ಚ್ 14, ಎಂ22. ಎರಕದ ನಂಬರ್ 3925661, ಆ ಕಾಲಕ್ಕೆ ಸರಿಯಾಗಿ ಹೊಂದುತ್ತದೆ. ಪಕ್ಕದಲ್ಲಿ 19ಎಸ್7 ಅಂತ ಶುರುವಾಗುವ ಕಾರಿನ ನಂಬರ್ ಕೂಡ ಇತ್ತು: 1 ಷೆವ್ರೊಲೆ, 9 ವರ್ಷ, ಎಸ್ ಸೇಂಟ್ ಲೂಯಿಸ್ ಕಾರ್ಖಾನೆ, 7ರಿಂದ ಮುಂದೆ ಕಾರಿನ ಕ್ರಮಸಂಖ್ಯೆ. ಅದು ಅವನ ಕಾರಿನದಲ್ಲ, ಬೇರೆ ಕಾರ್ವೆಟ್‌ನದು. ಅದು ಅವನಿಗೂ ಗೊತ್ತಿತ್ತು.

ಪ್ರಿಂಟ್ ತೆಗೆದೆ. ಒಂದೇ ನಂಬರ್‌ನಲ್ಲಿ ಎರಡು ಸಿ ಇವೆಯಲ್ವಾ? ಒಂದು ಮಾರ್ಚ್‌ಗೆ, ಒಂದು ಎಂ22ಗೆ. ಕಾರ್ಖಾನೆಯಲ್ಲಿ ಸಾಲು ಸೊಟ್ಟಗಾಗುತ್ತದೆ, ಒಂದು ಅಕ್ಷರ ಆಳಕ್ಕೆ, ಒಂದು ಮೇಲೆ ಬೀಳುತ್ತದೆ. ಅದು ಮಾಮೂಲು. ಆದರೆ ಅಕ್ಷರದ ಆಕಾರ ಬದಲಾಗಲು ಕಾರಣ ಇರಲಿಲ್ಲ. ಇಲ್ಲಿ ಮೊದಲ ಸಿ ಅಗಲವಾಗಿ, ದುಂಡಗಿತ್ತು. ಕೊನೆಯದು ಕಿರಿದು, ತುದಿಗಳು ಒಳಕ್ಕೆ ಬಾಗಿದ್ದವು. ಓರೆ ಬೆಳಕಿನಲ್ಲಿ ನೋಡಿದರೆ ಕೊನೆಯ ಸಿ ಇದ್ದ ಜಾಗ ಸ್ವಲ್ಪ ತಗ್ಗು. ಅರ ಹಾಕಿ ಉಜ್ಜಿದ ಗುರುತು.

ಅಷ್ಟಕ್ಕೇ ಏನೂ ಹೇಳಲಿಲ್ಲ. ಮೊದಲು ಬೆಂಚ್ ಮೇಲೆ ಫಸ್ಟ್ ಗೇರ್ ಹಾಕಿ ಇನ್‌ಪುಟ್ ಶಾಫ್ಟ್ ತಿರುಗಿಸಿದೆ. ಹಿಂದಿನ ಶಾಫ್ಟ್ ಒಂದು ಸುತ್ತು ಬರಲು ಮುಂದಿನದು ಎರಡೂವರೆ ಸುತ್ತು ಬೇಕಾದರೆ ಎಂ20, ಅದರ ಅನುಪಾತ 2.52. ಇದು ಎರಡು ಸುತ್ತಿನ ಮೇಲೆ ಚೂರು, ಅಂದರೆ 2.20. ಎಂ21ಗೂ ಎಂ22ಗೂ ಇದು ಒಂದೇ. ಇನ್‌ಪುಟ್ ಗೇರ್‌ನ ಹಲ್ಲೂ ಎರಡಕ್ಕೂ 26. ಹಾಗಾಗಿ ಸೈಡ್ ಕವರ್ ಬಿಚ್ಚಿ ಹಲ್ಲುಗಳ ಓರೆ ನೋಡಲೇಬೇಕು. ಎಂ22ರ ಹಲ್ಲು ಹೆಚ್ಚು ನೇರ. ಅದರಿಂದ ಗೇರ್‌ಗಳು ಶಾಫ್ಟ್ ಉದ್ದಕ್ಕೆ ತಳ್ಳುವ ಒತ್ತಡ ಕಡಿಮೆ, ರೇಸ್‌ನಲ್ಲಿ ತಾಳಿಕೆ ಜಾಸ್ತಿ. ಹಾಗೇ ಸದ್ದೂ ಜಾಸ್ತಿ. ರಾಕ್ ಕ್ರಷರ್ ಅನ್ನುವ ಹೆಸರು ಬಂದದ್ದು ಆ ಸದ್ದಿಗೇ. ಈ ಬಾಕ್ಸ್‌ನ ಹಲ್ಲುಗಳು ತುಂಬಾ ಓರೆ. ಎಂ21, ಅನುಮಾನವೇ ಇಲ್ಲ.

ಗಿರಾಕಿಗೆ ಹೇಳುವಾಗ ‘ಮೋಸ’ ಅನ್ನುವ ಪದ ನಾನು ಬಳಸಲಿಲ್ಲ. ಯಾರು, ಯಾವಾಗ ಅರ ಹಾಕಿದರು ಅಂತ ಕೇಸ್ ಹೇಳುವುದಿಲ್ಲ. ಮಾರಿದವನೂ ಅದನ್ನು ಎಂ22 ಅಂತಲೇ ನಂಬಿ ಕೊಂಡಿರಬಹುದು. ಪ್ರಿಂಟ್ ತೋರಿಸಿದೆ, ಬಿಚ್ಚಿದ ಬಾಕ್ಸ್ ತೋರಿಸಿದೆ, ಪಕ್ಕದಲ್ಲಿ ನಮ್ಮಲ್ಲಿದ್ದ ಎಂ22ರ ಗೇರ್ ಇಟ್ಟೆ. ಅವನು ಎರಡನ್ನೂ ಕೈಯಲ್ಲಿ ಹಿಡಿದು ನೋಡಿ ತಾನೇ ಅರ್ಥ ಮಾಡಿಕೊಂಡ. ಕೊನೆಗೆ ಕೊಂಡ ದುಡ್ಡಿನಲ್ಲಿ ಒಂದಷ್ಟನ್ನು ವಾಪಸ್ ಪಡೆದು ಬಾಕ್ಸನ್ನು ಇಟ್ಟುಕೊಂಡ. ರಸ್ತೆಯಲ್ಲಿ ಓಡಿಸುವ ಕಾರಿಗೆ ಎಂ21 ಒಳ್ಳೇ ಗೇರ್‌ಬಾಕ್ಸ್, ಕಿವಿಗೂ ಹಿತ. ಬೇರಿಂಗ್, ಸಿಂಕ್ರೊ ರಿಂಗ್ ಹೊಸದು ಹಾಕಿ ಕಟ್ಟಿಕೊಟ್ಟೆವು. ಬಿಲ್‌ನಲ್ಲಿ ‘ಎಂ21 ಗೇರ್ ಸೆಟ್, ಕೊನೆಯ ಅಕ್ಷರ ತಿದ್ದಿದಂತಿದೆ’ ಅಂತ ಬರೆದು, ಪೆನ್ಸಿಲ್ ಪ್ರಿಂಟ್ ಪಿನ್ ಮಾಡಿದೆ. ಮುಂದೆ ಅವನು ಮಾರಿದರೂ ಕೊಳ್ಳುವವರ ಕೈಗೆ ಆ ಕಾಗದವೂ ಹೋಗಲಿ ಅಂತ ಕೇಳಿಕೊಂಡೆ. ಅವನು ಒಪ್ಪಿದ.