ರಾ ದೇವರ ನೈಟ್ ಡ್ಯೂಟಿ: 7 ಪೊಟ್ಟಣ ಆಯ್ತು, 5 ಬಾಕಿ

ಬೆಂಕಿಪೊಟ್ಟಣದ ಕೆಲಸ ಅಂತೂ ಅರ್ಧ ದಾಟಿತು.

ಹೊಸಬರಿಗೆ ಹೇಳ್ತೀನಿ. ಹಳೇ ಈಜಿಪ್ಟಿನ ಸೂರ್ಯದೇವರು ರಾ ಸಂಜೆ ಮುಳುಗಿದ ಮೇಲೆ ದೋಣಿ ಹತ್ತಿ, ಪಾತಾಳದಲ್ಲಿ 12 ತಾಸು ಸಾಗಿ, ಬೆಳಗ್ಗೆ ಮತ್ತೆ ಮೇಲೆ ಬರುತ್ತಾನೆ. ತಾಸಿಗೊಂದರಂತೆ ನಾನು 12 ದೊಡ್ಡ ಬೆಂಕಿಪೊಟ್ಟಣ ಇಟ್ಟುಕೊಂಡಿದ್ದೇನೆ. ಒಳಗಿನ ಗೂಡು ಎಳೆದರೆ ಆ ತಾಸಿನ ದೃಶ್ಯ ಕಾಣಬೇಕು. ಈ ಪ್ರಯಾಣವನ್ನು ಹೇಳುವ ಹಳೇ ಬರಹದ ಹೆಸರು ಅಮ್ದುವಾತ್. ಈಜಿಪ್ಟಿನ ರಾಜರ ಸಮಾಧಿಗಳಿರುವ 'ರಾಜರ ಕಣಿವೆ'ಯಲ್ಲಿ ರಾಜ ಮೂರನೇ ಥುಟ್ಮೋಸ್‌ನ ಸಮಾಧಿಯ ಗೋಡೆ ತುಂಬಾ ಇದನ್ನು ಬರೆದಿದ್ದಾರೆ, ಸುಮಾರು 3,400 ವರ್ಷ ಹಿಂದೆ. ಅಲ್ಲಿನ ದೇವರುಗಳೆಲ್ಲ ಕಡ್ಡಿ ಗೊಂಬೆಗಳು! ತಿಳಿ ಹಳದಿ ಗೋಡೆ, ಕಪ್ಪು ಕೆಂಪು ಗೆರೆ, ಪಪೈರಸ್ ಕಾಗದದ ಸುರುಳಿ ಬಿಚ್ಚಿ ಅಂಟಿಸಿದ ಹಾಗೆ. ಚಿತ್ರ ಬರೆಯಲು ಬಾರದ ನನಗೆ ಇನ್ನೇನು ಬೇಕು. ಬೆಂಕಿಕಡ್ಡಿಯೇ ದೇವರು. ಅದೇ ಸಮಾಧಿಯ ಮುಂಭಾಗದ ಕೋಣೆಯಲ್ಲಿ 741 ದೇವತೆಗಳ ಪಟ್ಟಿ ಇದೆ, ಅಷ್ಟು ಕಡ್ಡಿಗೆ ನನ್ನ ಹತ್ತಿರ ತಾಳ್ಮೆ ಇಲ್ಲ.

ಮೊದಲ ಪೊಟ್ಟಣ ಎರಡು ಸಲ ಮಾಡಬೇಕಾಯಿತು. ಮುಖ್ಯ ದೇವರು ಅಲ್ವಾ ಅಂತ ರಾನನ್ನು ಎಲ್ಲರಿಗಿಂತ ದೊಡ್ಡದಾಗಿ, ಗಿಡುಗನ ತಲೆ, ಚಾಕೊಲೇಟಿನ ಚಿನ್ನದ ಹಾಳೆ ಹಚ್ಚಿ ನಡುವೆ ನಿಲ್ಲಿಸಿದ್ದೆ. ತಪ್ಪು. ಗಿಡುಗನ ತಲೆ ಹಗಲಿನದು. ಬೆಳಗ್ಗೆ ಅವನು ಖೆಪ್ರಿ ಅನ್ನುವ ಜೀರುಂಡೆ, ಸಂಜೆ ಅತುಮ್ ಅನ್ನುವ ಮುದುಕ. ರಾತ್ರಿ ದೋಣಿಯಲ್ಲಿ ಅವನಿಗೆ ಟಗರಿನ ತಲೆ, ಬರಹದಲ್ಲಿ ಅವನ ಹೆಸರು ಬರೀ 'ಮಾಂಸ'. ಕಿತ್ತು ತೆಗೆಯುವಾಗ ರಟ್ಟಿನ ಮೇಲ್ಪದರವೂ ಜೊತೆಗೇ ಎದ್ದು ಬಂತು.

ತಮ್ಮ ನೋಡಿ, "ಅಣ್ಣಾ, ದೊಡ್ಡ ದೇವರು ಅಮುನ್ ಅಲ್ವಾ?" ಅಂದ. ಅದೂ ಸರಿಯೇ. ಅಮುನ್ ಥೀಬ್ಸ್ ಊರಿನ ದೇವರು. ಥೀಬ್ಸಿನ ರಾಜರ ಕೈ ಮೇಲಾದಾಗ ಅವನೂ ಮೇಲೆ ಬಂದ, ರಾ ಜೊತೆ ಸೇರಿ ಅಮುನ್-ರಾ ಆದ. ಥುಟ್ಮೋಸ್ ಕೂಡ ಯುದ್ಧದಲ್ಲಿ ಗೆದ್ದದ್ದನ್ನು ಕಾರ್ನಾಕಿನ ಅಮುನ್ ಗುಡಿಗೆ ಸುರಿದವನೇ. ಆದರೆ ಸತ್ತ ಮೇಲೆ ತಾನು ಮಲಗುವ ಕೋಣೆಯಲ್ಲಿ ಬರೆಸಿದ್ದು ಮಾತ್ರ ರಾ ಹೋಗುವ ದಾರಿ.

ಎರಡು, ಮೂರು ಸಲೀಸು, ಬರೀ ನೀರು ಮತ್ತು ಹೊಲ. ನಾಲ್ಕನೆಯದರಲ್ಲಿ ಒಂದು ವಾರ ಹೋಯಿತು. ಅಲ್ಲಿ ನೀರೇ ಇಲ್ಲ, ಸೋಕರ್ ದೇವರ ಮರಳುಗಾಡು. ದಾರಿ ಓರೆಯಾಗಿ ಅಂಕುಡೊಂಕಾಗಿ ಇಳಿಯುತ್ತದೆ, ದೋಣಿ ಮರಳಲ್ಲಿ ಜಾರಲು ಹಾವಾಗುತ್ತದೆ, ಅದರ ಬಾಯಿಂದ ಬರುವ ಬೆಂಕಿಯೇ ಬೆಳಕು. ಹಾವಿಗೆ ಹಳೇ ಶೂ ಲೇಸು, ಮರಳಿಗೆ ಜರಡಿ ಹಿಡಿದ ರವೆ. ಮೂರನೇ ದಿನ ಇರುವೆ ಬಂದವು. ರವೆ ಕೆರೆದು ನಿಜವಾದ ಮರಳನ್ನೇ ಅಂಟಿಸಿದೆ.

ಐದರಲ್ಲಿ ದೋಣಿಯನ್ನು ಹಗ್ಗ ಕಟ್ಟಿ ಎಳೀತಾರೆ, ಮೇಲಿನಿಂದ ಜೀರುಂಡೆಯೂ ಬಂದು ಕೈಹಾಕುತ್ತದೆ. ಹಗ್ಗದ ದಾರ ಬಿಗಿಯುತ್ತಾ ಕೂತಾಗ ನನಗೆ ಹೊಳೆದದ್ದು: ಈ ದೊಡ್ಡ ದೇವರು ಸ್ವತಃ ಏನೂ ಮಾಡ್ತಿಲ್ಲವಲ್ಲ! ಎಳೆಯುವವರು ಬೇರೆ, ಕಾಯುವವರು ಬೇರೆ. ಏಳನೇ ತಾಸಿನಲ್ಲಿ ಅಪೋಫಿಸ್ ಅನ್ನುವ ಮಹಾ ಹಾವು ನದಿಯ ನೀರನ್ನೆಲ್ಲ ಕುಡಿದು ದಾರಿಗೆ ಅಡ್ಡ ಬೀಳುತ್ತದೆ, ಆಗಲೂ ದೋಣಿ ಸಾಗುವುದು ದೇವಿ ಐಸಿಸ್‌ಳ ಮಂತ್ರದಿಂದ. ಹಾವಿಗೆ ಕುಣಿಕೆ ಬಿಗಿಯುವವಳು ಸೆಲ್ಕೆತ್ ದೇವಿ. ರಾನ ಪಾಲಿಗಿರುವ ಕೆಲಸ ಹೋಗುವುದು, ಅಷ್ಟೇ. ಅವನು ಬಂದಾಗ ಸತ್ತವರಿಗೆ ಒಂದು ತಾಸು ಬೆಳಕು, ಊಟ, ಹೊಲ. ಮುಂದೆ ಹೋದನೋ, ಮತ್ತೆ ಕತ್ತಲು. ನಡುರಾತ್ರಿ, ಆರನೇ ತಾಸಿನಲ್ಲಿ, ಅವನು ಸತ್ತವರ ದೇವರಾದ ಒಸಿರಿಸ್‌ನ ದೇಹದ ಜೊತೆ ಒಂದಾಗದಿದ್ದರೆ ನಾಳೆ ಬೆಳಗಾಗುವುದಿಲ್ಲ. ಇದೆಲ್ಲ ದಿನಾ ರಾತ್ರಿ, ರಜೆ ಇಲ್ಲ. ಅಪೋಫಿಸ್ ಕೂಡ ಮಾರನೇ ದಿನ ಹಾಜರ್.

ಹಾಗಾಗಿ ರಾನ ಕಡ್ಡಿಯನ್ನು ಬೇರೆಯವರ ಅಳತೆಗೇ ಕತ್ತರಿಸಿದೆ. ಚಿನ್ನದ ಹಾಳೆ ಆರನೇ ಪೊಟ್ಟಣಕ್ಕೆ ಮಾತ್ರ, ಸಾಸಿವೆಯಷ್ಟು.

ಈಗಿನ ತಲೆನೋವು ಹನ್ನೆರಡನೆಯದು. ಅಲ್ಲಿ ಇಡೀ ದೋಣಿ ಒಂದು ಹಾವಿನ ಬಾಲದಿಂದ ಒಳಗೆ ಹೋಗಿ ಬಾಯಿಂದ ಹೊರಗೆ ಬರಬೇಕು, ಮುದುಕರಾಗಿ ಹೋದವರು ಮಕ್ಕಳಾಗಿ ಬರಬೇಕು. ನನ್ನ ದೋಣಿ ಒಂದೂವರೆ ಸೆಂಟಿಮೀಟರ್ ಅಗಲ. ಅದು ಹಿಡಿಸುವ ಪೈಪ್ ತಂದರೆ ಪೊಟ್ಟಣ ಮುಚ್ಚುವುದಿಲ್ಲ, ಪೊಟ್ಟಣಕ್ಕೆ ಹಿಡಿಸುವ ಪೈಪಿನಲ್ಲಿ ದೋಣಿ ಹೋಗುವುದಿಲ್ಲ. ಹಾವಿನ ಬಾಲವನ್ನು ಹನ್ನೊಂದನೇ ಪೊಟ್ಟಣದಿಂದಲೇ ಶುರು ಮಾಡೋಣ ಅನ್ನಿಸಿತ್ತು, ಅದರಿಂದಲೂ ಅಗಲದ ಕಥೆ ಬಗೆಹರಿಯಲ್ಲ. ಆ ಒಂದು ತಾಸಿಗೆ ಬೇರೆ ಪುಟ್ಟ ದೋಣಿ ಮಾಡುವುದೇ ಸೈ.

ಕೊನೆಯ ಗೋಡೆಯ ಬುಡದಲ್ಲಿ ರಾ ಬಿಟ್ಟು ಹೋದ ಹಳೇ ದೇಹ ಮಮ್ಮಿಯಾಗಿ ಒರಗಿರುತ್ತದೆ. ಅದೊಂದನ್ನು ಮುಂಚೆಯೇ ಮಾಡಿಟ್ಟಿದ್ದೇನೆ. ಒಂದು ಕಡ್ಡಿ, ಮದ್ದು ಕೆರೆದು ತೆಗೆದು, ಬಿಳಿ ದಾರ ಸುತ್ತಿ.