ಕಾಳಿಯ ಕಲ್ಲಿನ ಮುಂದೆ ಇಂಗ್ಲಿಷ್ ಪಾಠ

ಕೆಲವು ವರ್ಷಗಳ ಹಿಂದೆ, ಕನ್ನಡ ಮಾಧ್ಯಮದ ಎಂಟನೆಯ ತರಗತಿಯ 34 ಮಕ್ಕಳನ್ನು ನಾನು ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿದ್ದೆ. ನಾನು ಅವರಿಗೆ ಇಂಗ್ಲಿಷ್ ಕಲಿಸುವವಳಾದ್ದರಿಂದ, ಇದು ಸಮಾಜ ವಿಜ್ಞಾನದವರ ಕೆಲಸವಲ್ಲವೇ ಎಂದು ಶಾಲೆಯಲ್ಲಿ ಕೇಳಿದವರೂ ಇದ್ದರು.

ಅದರ ಹಿಂದಿನ ವರ್ಷವೂ ಇಲ್ಲಿಗೇ ಬಂದಿದ್ದೆವು. ಆಗ ಪ್ರತಿಯೊಬ್ಬರಿಗೂ ಇಪ್ಪತ್ತು ಪ್ರಶ್ನೆಗಳ ಹಾಳೆಯೊಂದನ್ನು ಕೊಟ್ಟಿದ್ದೆ. ಮಕ್ಕಳು ವಿಗ್ರಹಗಳತ್ತ ತಲೆಯೆತ್ತಿಯೂ ನೋಡದೆ, ಪಕ್ಕದ ಫಲಕಗಳಲ್ಲಿದ್ದ ಇಂಗ್ಲಿಷನ್ನು ಅಕ್ಷರಕ್ಕೆ ಅಕ್ಷರ ನಕಲು ಮಾಡಿಕೊಂಡರು. ಹಾಳೆಗಳೆಲ್ಲ ತುಂಬಿದ್ದರೂ, ಮರುದಿನ ಕಂಡದ್ದನ್ನು ಒಂದು ವಾಕ್ಯದಲ್ಲಿ ಹೇಳಬಲ್ಲವರು ಒಬ್ಬರೂ ಇರಲಿಲ್ಲ. ಆ ತಪ್ಪು ನನ್ನದೇ ಆಗಿತ್ತು.

ಹಾಗಾಗಿ ಈ ಸಲ ಹಾಳೆಯನ್ನೇ ಕೊಡಲಿಲ್ಲ. ಇಬ್ಬರಿಬ್ಬರಿಗೆ ಒಂದೊಂದು ವಸ್ತು. ಮೊದಲ ಹತ್ತು ನಿಮಿಷ ಬರಿಯ ನೋಟ, ಬಳಿಕ ಕನ್ನಡದಲ್ಲಿ ಮಾತು, ಆಮೇಲಷ್ಟೇ ಇಂಗ್ಲಿಷ್. ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಆಡಿದರೆ ಕಾಲಹರಣವೆಂದು ಭಾವಿಸುವವರ ಮಾತನ್ನು ನಾನು ಒಪ್ಪಲಾರೆ. ಹೇಳಬೇಕೆಂಬ ಸಂಗತಿ ಮನಸ್ಸಿನಲ್ಲಿ ಮೂಡದ ಹೊರತು ಅದಕ್ಕೆ ಪದ ಹುಡುಕುವ ಹಂಬಲವೂ ಹುಟ್ಟುವುದಿಲ್ಲ.

1865ರಲ್ಲಿ ಆರಂಭವಾದ ಈ ಸಂಗ್ರಹಾಲಯದಲ್ಲಿ ನಮ್ಮನ್ನು ಬಹಳ ಹೊತ್ತು ಹಿಡಿದಿಟ್ಟದ್ದು ಮಂಡ್ಯ ಜಿಲ್ಲೆಯ ಆತಕೂರಿನಿಂದ ಬಂದ ಕಲ್ಲು. 949ರ ತಕ್ಕೋಲದ ಯುದ್ಧದಲ್ಲಿ ಗಂಗರ ಬೂತುಗನು ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪರವಾಗಿ ಚೋಳರ ವಿರುದ್ಧ ಹೋರಾಡಿದಾಗ, ಬೂತುಗನ ಕಡೆಯ ವೀರನಾದ ಮಣಲೇರನು ಶೌರ್ಯ ಮೆರೆದನು. ಮೆಚ್ಚಿದ ಒಡೆಯನು ಬೇಕಾದುದನ್ನು ಬೇಡಿಕೋ ಎಂದಾಗ ಅವನು ಊರನ್ನಾಗಲಿ ಹೊನ್ನನ್ನಾಗಲಿ ಬೇಡದೆ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿದನು. ಮುಂದೆ ಆ ನಾಯಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಒಟ್ಟಿಗೆ ಸತ್ತವು. ಕಲ್ಲಿನ ಮೇಲೆ ಆ ಕಾದಾಟವನ್ನೇ ಕೆತ್ತಲಾಗಿದೆ.

ಹಂದಿಗೆ ‘ಪಿಗ್’ ಎಂದು ಬರೆದ ಹುಡುಗನನ್ನು ಜೊತೆಗಾರನೇ ತಡೆದು, ಇದು ಕೇರಿಯ ಹಂದಿಯಲ್ಲ, ಕಾಡಿನದು ಎಂದನು. ‘ವೈಲ್ಡ್ ಬೋರ್’ ಎಂಬ ಪದವನ್ನು ನಾನು ಕೊಟ್ಟದ್ದು ಆಗ, ಅವರಿಗೆ ಬೇಕಾದ ಗಳಿಗೆಯಲ್ಲಿ. ತರಗತಿಯಲ್ಲಿ ಎಷ್ಟು ಸಲ ಹೇಳಿಕೊಟ್ಟರೂ ನಿಲ್ಲದ ‘ಬೋತ್’ ಎಂಬ ಪದ ಅಂದು ‘ಬೋತ್ ಡೈಡ್’ ಎಂಬ ಎರಡೇ ಪದಗಳ ವಾಕ್ಯದಲ್ಲಿ ಎಲ್ಲರ ಬಾಯಲ್ಲೂ ನಿಂತಿತು.

ಇಂಗ್ಲಿಷ್ ಪಾಠದಲ್ಲಿ ಸದಾ ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತಿರುತ್ತಿದ್ದ ಹುಡುಗಿಯೊಬ್ಬಳು ಆಗ ಹತ್ತಿರ ಬಂದು, “ಮಿಸ್, ವೀರಗಲ್ಲಿಗೆ ಇಂಗ್ಲಿಷಿನಲ್ಲಿ ಏನಂತಾರೆ?” ಎಂದು ಕೇಳಿದಳು. ‘ಹೀರೋ ಸ್ಟೋನ್’ ಎಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದರೆ ಅವರೇ ನಮ್ಮ ಪದವನ್ನು ಅನುವಾದ ಮಾಡಿಕೊಂಡಿದ್ದಾರೆ ಅಲ್ಲವಾ?” ಎಂದಳು. ಇಂಗ್ಲಿಷ್ ಪದ ಮೊದಲು, ಕನ್ನಡವೆಂಬುದು ಅದರ ಅರ್ಥ ಬರೆಯುವ ಜಾಗ ಎಂದು ಅಷ್ಟು ವರ್ಷ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಕಲಿತಿದ್ದ ಮಗುವಿನ ಮಾತದು. ಆ ಗೆರೆಯನ್ನು ಎಳೆಸಿದವಳು ನಾನೇ ಆದ್ದರಿಂದ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ.

ಮಧ್ಯಾಹ್ನ ಪಕ್ಕದ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ರೈಟ್ ಸಹೋದರರ 1903ರ ವಿಮಾನದ ಪ್ರತಿಕೃತಿಯನ್ನೂ ನೋಡಿದೆವು. ಮಕ್ಕಳು ದಣಿದಿದ್ದರಿಂದ ಅಲ್ಲಿ ಪಾಠ ಮಾಡಲಿಲ್ಲ.

ಮರುದಿನ ತರಗತಿಯಲ್ಲಿ ಆ ಹುಡುಗಿ, ಯಾರೂ ಕೇಳದೆಯೇ ಎದ್ದು ನಿಂತು, ಕಪ್ಪುಹಲಗೆಯ ಮೇಲೆ ನಾಯಿಯನ್ನೂ ಹಂದಿಯನ್ನೂ ಬರೆದು, “ಕಾಳಿ ವಾಸ್ ಎ ಡಾಗ್. ದಿಸ್ ಈಸ್ ಕಾಳೀಸ್ ವೀರಗಲ್ಲು” ಎಂದಳು. ‘ವೀರಗಲ್ಲು’ ಎಂಬುದನ್ನು ನಾನು ತಿದ್ದಲಿಲ್ಲ.